ಬಾಗಿಲ ಅಗಲ, ಬೀದಿಯ ಏರು: ಪೂರ್ವ ಬೆಂಗಳೂರಿನಲ್ಲಿ ಬ್ಯಾಟರಿ ವೀಲ್‌ಚೇರ್ ಆಯ್ಕೆಯ ಪ್ರಶ್ನೆ

ಬ್ಯಾಟರಿಯ ಬಲದಿಂದ ಓಡುವ, ಕುಳಿತವರೇ ಜಾಯ್‌ಸ್ಟಿಕ್ ಎಂಬ ಪುಟ್ಟ ಹಿಡಿಕೆಯನ್ನು ಬೇಕಾದ ದಿಕ್ಕಿಗೆ ಒತ್ತಿ ನಡೆಸಬಹುದಾದ ವೀಲ್‌ಚೇರ್ ಈಗ ಬೆಂಗಳೂರಿನ ವೈದ್ಯಕೀಯ ಸಲಕರಣೆಗಳ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ವಸ್ತುವಾಗಿದೆ. ಕೊಳ್ಳಲು ಹೋದವರು ಅಲ್ಲಿ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು: ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ, ಎಷ್ಟು ವೇಗ ಹೋಗುತ್ತದೆ, ಮಡಚಲು ಬರುತ್ತದೆಯೇ. ಇವು ಅನಗತ್ಯವಾದ ಪ್ರಶ್ನೆಗಳಲ್ಲವಾದರೂ ಸರದಿಯಲ್ಲಿ ಹಿಂದೆ ನಿಲ್ಲಬೇಕಾದವು. ದಿನಕ್ಕೆ ಎಷ್ಟು ಗಂಟೆ ದೇಹ ಆ ಕುರ್ಚಿಯಲ್ಲಿರುತ್ತದೆ, ಕುರ್ಚಿ ಯಾವ ಬಾಗಿಲುಗಳನ್ನು ಹಾದು ಹೋಗಬೇಕು, ಮನೆಯಿಂದ ಹೊರಬಿದ್ದ ಮೇಲೆ ಅದು ಯಾವ ವಾಹನವನ್ನು ಏರಬೇಕು ಎಂಬುವು ಮೊದಲು ತೀರ್ಮಾನವಾಗಬೇಕಾದ ಸಂಗತಿಗಳು. ದಂಡು ಪ್ರದೇಶದಿಂದ ಕೆ.ಆರ್. ಪುರದವರೆಗಿನ ಪೂರ್ವ ಬೆಂಗಳೂರಿನಲ್ಲಿ ಈ ಪೈಕಿ ಕೊನೆಯ ಎರಡಕ್ಕೆ ಬಡಾವಣೆಯಿಂದ ಬಡಾವಣೆಗೆ, ಕೆಲವೊಮ್ಮೆ ಒಂದೇ ಬೀದಿಯ ಎರಡು ಮನೆಗಳಿಗೂ, ಬೇರೆ ಬೇರೆ ಉತ್ತರಗಳು ದೊರೆಯುವುದರಿಂದ ‘ಅತ್ಯುತ್ತಮ ಮಾದರಿ’ ಎಂದು ಒಂದನ್ನು ಬೆರಳು ಮಾಡಿ ತೋರಿಸುವುದು ಸಾಧ್ಯವಿಲ್ಲ.

ಈ ಯಂತ್ರದ ಇತಿಹಾಸ ದೀರ್ಘವಾದುದಲ್ಲ. ಎರಡನೆಯ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದು ಕೈಕಾಲುಗಳ ಸ್ವಾಧೀನ ಕಳೆದುಕೊಂಡ ಸೈನಿಕರಿಗಾಗಿ ಕೆನಡಾದ ಎಂಜಿನಿಯರ್ ಜಾರ್ಜ್ ಕ್ಲೈನ್ ಮತ್ತು ಸಂಗಡಿಗರು ಬಳಕೆಗೆ ಯೋಗ್ಯವಾದ ವಿದ್ಯುತ್ ಗಾಲಿಕುರ್ಚಿಯನ್ನು ರೂಪಿಸಿದರು. 1956ರಲ್ಲಿ ಅಮೆರಿಕದ ಎವರೆಸ್ಟ್ ಅಂಡ್ ಜೆನಿಂಗ್ಸ್ ಕಂಪನಿ ಅಂಥ ಕುರ್ಚಿಗಳನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸತೊಡಗಿತು. ಬೆಂಗಳೂರಿನ ಮಟ್ಟಿಗೆ, ಬಾಲ್ಯದಲ್ಲೇ ಪೋಲಿಯೋಗೆ ತುತ್ತಾಗಿ ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ‘ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ’, ಜನರ ಬಾಯಲ್ಲಿ ಎಪಿಡಿ, ಪೂರ್ವ ಭಾಗದ ಲಿಂಗರಾಜಪುರದಲ್ಲಿ ನೆಲೆಗೊಂಡಿತು. ಗಾಲಿಕುರ್ಚಿಯನ್ನು ದಾನದ ವಸ್ತುವಾಗಿ ಕಾಣದೆ ಒಬ್ಬೊಬ್ಬರ ದೇಹಕ್ಕೆ ಹೊಂದಿಸಿ ಕೊಡಬೇಕಾದ ಸಲಕರಣೆಯಾಗಿ ಕಾಣುವ ರೂಢಿ ಈ ನಗರದಲ್ಲಿ ಬೇರೂರಿದ್ದರೆ ಅದಕ್ಕೆ ಎಪಿಡಿಯಂಥ ಸಂಸ್ಥೆಗಳೂ 1994ರಲ್ಲಿ ಆರಂಭವಾದ ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾದ ತರಬೇತಿಗಳೂ ಬಹುಮಟ್ಟಿಗೆ ಕಾರಣ.

ಬ್ಯಾಟರಿ ಕುರ್ಚಿ ಯಾರಿಗೆ ಬೇಕು ಎಂಬುದನ್ನು ಕಾಲಿನ ಶಕ್ತಿಗಿಂತ ಹೆಚ್ಚಾಗಿ ತೋಳು, ಭುಜ ಮತ್ತು ದಣಿವುಗಳು ನಿರ್ಧರಿಸುತ್ತವೆ. ಬೆನ್ನಿನ ಕೆಳಭಾಗದಲ್ಲಿ ಹುರಿ ಘಾಸಿಗೊಂಡು ತೋಳುಗಳ ಬಲ ಪೂರ್ತಿ ಉಳಿದಿರುವ ಯುವಕನಿಗೆ ಹಗುರವಾದ, ಅಳತೆಗೆ ತಕ್ಕ ಕೈಚಾಲಿತ ಕುರ್ಚಿಯೇ ಹೆಚ್ಚು ಸ್ವಾತಂತ್ರ್ಯ ಕೊಡಬಹುದು. ಕುತ್ತಿಗೆಯ ಮಟ್ಟದಲ್ಲಿ ಪೆಟ್ಟಾದವರು, ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೊರಗುವ ಮಸ್ಕ್ಯುಲರ್ ಡಿಸ್ಟ್ರೊಫಿ ಇರುವವರು, ಪಾರ್ಶ್ವವಾಯುವಿನಿಂದ ಒಂದು ಕೈ ನಿಷ್ಕ್ರಿಯವಾದವರು, ದಶಕಗಟ್ಟಲೆ ಕೈಯಿಂದ ಚಕ್ರ ತಳ್ಳಿ ಭುಜದ ಕೀಲು ಸವೆಸಿಕೊಂಡ ಪೋಲಿಯೋ ಪೀಡಿತರು, ಇವರಿಗೆ ಮೋಟರು ಅನಿವಾರ್ಯವಾಗುತ್ತದೆ. ಇವೆರಡರ ನಡುವೆ ಮೂರನೆಯ ದಾರಿಯೂ ಉಂಟು. ಐಐಟಿ ಮದ್ರಾಸಿನ ಆಶ್ರಯದಲ್ಲಿ ಬೆಳೆದ ನಿಯೋಮೋಷನ್ ಕಂಪನಿ ಹೊರತಂದ ನಿಯೋಬೋಲ್ಟ್, ಕೈಚಾಲಿತ ಕುರ್ಚಿಯ ಮುಂದೆ ಕೊಂಡಿಯಂತೆ ಸಿಕ್ಕಿಸುವ ಮೋಟರು ಚಕ್ರದ ಘಟಕ. ರಸ್ತೆಯಲ್ಲಿ ಅದನ್ನು ಸ್ಕೂಟರಿನ ಹಾಗೆ ಓಡಿಸಿ, ಕಚೇರಿಗೆ ಬಂದೊಡನೆ ಕಳಚಿಟ್ಟು, ಹಗುರ ಕುರ್ಚಿಯಲ್ಲಿ ಒಳಗೆ ಹೋಗಬಹುದು. ಕೈಗಳಲ್ಲಿ ಬಲವಿದ್ದು ದೂರವಷ್ಟೇ ತೊಡಕಾಗಿರುವವರು ಪೂರ್ಣ ಪ್ರಮಾಣದ ಬ್ಯಾಟರಿ ಕುರ್ಚಿಗೆ ಹಣ ಸುರಿಯುವ ಮೊದಲು ಈ ಬಗೆಯ ಜೋಡಣೆಯನ್ನು ನೋಡುವುದು ಲೇಸು.

ಆಯ್ಕೆಯಲ್ಲಿ ಅತ್ಯಂತ ಕಡೆಗಣನೆಗೆ ಒಳಗಾಗುವ ಭಾಗ ಆಸನ. ಮೋಟರು ಕೆಟ್ಟರೆ ಕುರ್ಚಿ ನಿಂತುಬಿಡುತ್ತದೆ; ಆಸನ ತಪ್ಪಾಗಿದ್ದರೆ ಕುರ್ಚಿ ಓಡುತ್ತಲೇ ಇದ್ದು ಮನುಷ್ಯ ಹಾಸಿಗೆ ಹಿಡಿಯುತ್ತಾನೆ. ಸ್ಪರ್ಶಜ್ಞಾನ ಕಳೆದುಕೊಂಡವರು ಗಂಟೆಗಟ್ಟಲೆ ಅಲುಗದೆ ಕುಳಿತಾಗ ದೇಹದ ಭಾರವೆಲ್ಲ ಪೃಷ್ಠದ ಎರಡು ಮೂಳೆತುದಿಗಳ ಮೇಲೆ ಬಿದ್ದು, ಅಲ್ಲಿನ ಚರ್ಮಕ್ಕೆ ರಕ್ತ ಹರಿಯುವುದು ನಿಂತು, ಒತ್ತಡದ ಹುಣ್ಣು, ಆಸ್ಪತ್ರೆಯ ಮಾತಿನಲ್ಲಿ ಬೆಡ್‌ಸೋರ್, ಉಂಟಾಗುತ್ತದೆ. ಮೇಲ್ನೋಟಕ್ಕೆ ಕೆಂಪು ಮಚ್ಚೆಯಷ್ಟೇ ಆಗಿ ಕಾಣುವ ಇದು ಒಳಗೆ ಮೂಳೆಯವರೆಗೂ ಇಳಿದು ಮಾಯಲು ತಿಂಗಳುಗಳನ್ನೇ ತೆಗೆದುಕೊಳ್ಳಬಲ್ಲದು. ಆದ್ದರಿಂದ ಕುರ್ಚಿಯೊಂದಿಗೆ ಬರುವ ತೆಳು ಸ್ಪಂಜಿನ ದಿಂಬನ್ನು ಅಂತಿಮವೆಂದು ಭಾವಿಸದೆ, ಆಕಾರ ಕೊಟ್ಟ ಫೋಮ್, ಜೆಲ್ ಅಥವಾ ಗಾಳಿಗುಳ್ಳೆಗಳ ಕುಶನ್‌ಗಳಲ್ಲಿ ಯಾವುದು ತಕ್ಕುದೆಂದು ಚಿಕಿತ್ಸಕರೊಡನೆ ತೀರ್ಮಾನಿಸಬೇಕು. ಗಾಳಿಯ ಕುಶನ್ ಒತ್ತಡವನ್ನು ಚೆನ್ನಾಗಿ ಹಂಚುತ್ತದೆ, ಆದರೆ ಅದರ ಗಾಳಿಯನ್ನು ಆಗಾಗ ಪರೀಕ್ಷಿಸುವವರು ಮನೆಯಲ್ಲಿರಬೇಕು. ಪರೀಕ್ಷಿಸುವವರಿಲ್ಲದ ಕಡೆ ಒಳ್ಳೆಯ ಫೋಮೇ ಮೇಲು.

ಅಳತೆಯ ವಿಷಯದಲ್ಲಿ ‘ಸ್ವಲ್ಪ ದೊಡ್ಡದಿರಲಿ’ ಎಂಬ ನಮ್ಮವರ ಸಹಜ ಬುದ್ಧಿ ಇಲ್ಲಿ ಹಾನಿ ಮಾಡುತ್ತದೆ. ಆಸನದ ಅಗಲ ಸೊಂಟದ ಅಗಲಕ್ಕಿಂತ ಎರಡು ಮೂರು ಸೆಂಟಿಮೀಟರಿನಷ್ಟು ಹೆಚ್ಚಿದ್ದರೆ ಸಾಕು. ಅದಕ್ಕಿಂತ ಅಗಲವಾದರೆ ದೇಹ ಒಂದು ಬದಿಗೆ ವಾಲಿ ಕ್ರಮೇಣ ಬೆನ್ನುಮೂಳೆ ಸೊಟ್ಟಗಾಗುತ್ತದೆ, ಜೊತೆಗೆ ಕುರ್ಚಿಯ ಒಟ್ಟು ಅಗಲವೂ ಬೆಳೆದು ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಆಸನದ ಆಳ ಮೊಣಕಾಲಿನ ಹಿಂಬದಿಗೆ ತಾಗದೆ ಎರಡು ಮೂರು ಬೆರಳಿನ ಅಂತರ ಉಳಿಯುವಂತಿರಬೇಕು. ಬೆಳೆಯುವ ಮಕ್ಕಳಿಗಾದರೆ ಅಳತೆ ಬದಲಿಸಬಹುದಾದ ಚೌಕಟ್ಟನ್ನೇ ಕೊಳ್ಳಬೇಕೇ ಹೊರತು, ಮುಂದಿನ ವರ್ಷದ ಲೆಕ್ಕದಲ್ಲಿ ದೊಡ್ಡ ಕುರ್ಚಿಯನ್ನು ತರುವುದು ಸಲ್ಲ.

ಸ್ವತಃ ಮೈ ಎತ್ತಿ ಒತ್ತಡ ಇಳಿಸಿಕೊಳ್ಳಲಾಗದವರಿಗೆ ಎರಡು ವಿದ್ಯುತ್ ಸೌಲಭ್ಯಗಳಿವೆ, ಅವುಗಳ ವ್ಯತ್ಯಾಸವನ್ನು ಅಂಗಡಿಯವರೂ ಕಲಸಿಬಿಡುವುದುಂಟು. ಟಿಲ್ಟ್ ಎಂದರೆ ಆಸನ ಮತ್ತು ಬೆನ್ನುಪಟ್ಟಿ ಎರಡೂ ತಮ್ಮ ನಡುವಿನ ಕೋನವನ್ನು ಬಿಡದೆ ಒಟ್ಟಾಗಿ ಹಿಂದಕ್ಕೆ ಬಾಗುವುದು. ರಿಕ್ಲೈನ್ ಎಂದರೆ ಬೆನ್ನುಪಟ್ಟಿ ಮಾತ್ರ ಮಲಗುವುದು. ರಿಕ್ಲೈನ್ ಮಾತ್ರ ಇರುವ ಕುರ್ಚಿಯಲ್ಲಿ ದೇಹ ಜಾರಿ ಚರ್ಮ ಉಜ್ಜುತ್ತದೆ, ಸೆಳೆತವಿರುವ ಸ್ನಾಯುಗಳು ಕೆರಳುತ್ತವೆ. ದಿನದ ಬಹುಭಾಗ ಕುರ್ಚಿಯಲ್ಲೇ ಕಳೆಯುವ, ಮೈಯ ಸ್ಪರ್ಶಜ್ಞಾನವಿಲ್ಲದ ವ್ಯಕ್ತಿಗೆ ಟಿಲ್ಟ್ ಇಲ್ಲದ ಅಗ್ಗದ ಕುರ್ಚಿ ಹೇಗೂ ದುಬಾರಿಯೇ. ಬೆಳಗ್ಗೆ ಅರ್ಧ ಗಂಟೆ ಹಲಸೂರು ಕೆರೆಯ ದಂಡೆಗೆ ಹೋಗಿ ಬರುವ, ಮನೆಯಲ್ಲಿ ಸೋಫಾದ ಮೇಲೆ ಕೂರುವ ವೃದ್ಧರಿಗೆ ಇದರ ಅಗತ್ಯವಿರುವುದಿಲ್ಲ.

ಚಾಲನೆಯ ಹಿಡಿತವೂ ದೇಹಕ್ಕೆ ತಕ್ಕಂತೆ ಬದಲಾಗಬೇಕು. ಬೆರಳುಗಳಿಗೆ ಬಲವಿಲ್ಲದವರಿಗೆ ಸೂಕ್ಷ್ಮ ಒತ್ತಡಕ್ಕೆ ಸ್ಪಂದಿಸುವ ಜಾಯ್‌ಸ್ಟಿಕ್, ಕೈಯೇ ಆಡದವರಿಗೆ ಗಲ್ಲದಿಂದ ಅಥವಾ ತಲೆಯಿಂದ ನಡೆಸುವ ನಿಯಂತ್ರಣ, ಉಸಿರನ್ನು ಎಳೆದು ಊದಿ ಆಜ್ಞೆ ಕೊಡುವ ಕೊಳವೆ ಇವೆಲ್ಲ ಇವೆ. ಕಡಿಮೆ ಬೆಲೆಯ ಮಡಚುವ ಕುರ್ಚಿಗಳಿಗೆ ಇವನ್ನು ಸಾಮಾನ್ಯವಾಗಿ ಜೋಡಿಸಲಾಗುವುದಿಲ್ಲ. ಆದ್ದರಿಂದ ಕಾಯಿಲೆ ಮುಂದುವರಿಯುವ ಸ್ವಭಾವದ್ದಾಗಿದ್ದರೆ, ಇಂದಿನ ಕೈಬಲಕ್ಕಷ್ಟೇ ಅಲ್ಲದೆ ನಾಲ್ಕು ವರ್ಷದ ನಂತರದ ಕೈಬಲಕ್ಕೂ ಹೊಂದಿಕೊಳ್ಳಬಲ್ಲ ನಿಯಂತ್ರಕವುಳ್ಳ ಕುರ್ಚಿಯನ್ನು ಆರಿಸಬೇಕು.

ಇನ್ನು ಮನೆ. 1809ರಲ್ಲಿ ಬ್ರಿಟಿಷ್ ಸೇನೆಯ ನೆಲೆಯಾಗಿ ಹುಟ್ಟಿದ ದಂಡು ಪ್ರದೇಶದಲ್ಲಿ ವಸತಿಯ ಮಾದರಿಗಳು ಒಂದರ ಪಕ್ಕ ಒಂದು ನಿಂತಿವೆ: ಅಗಲ ಬಾಗಿಲುಗಳಿದ್ದರೂ ಮುಂದೆ ನಾಲ್ಕಾರು ಮೆಟ್ಟಿಲು ಇಟ್ಟುಕೊಂಡ ಹಳೆಯ ಬಂಗಲೆಗಳು, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಗಳಲ್ಲಿ ಅಂಗಡಿಯ ಮೇಲೆ ಕಟ್ಟಿದ ಕಡಿದಾದ ಮೆಟ್ಟಿಲಿನ ಮನೆಗಳು, ಹಲಸೂರಿನ ಸೋಮೇಶ್ವರ ದೇವಾಲಯದ ಸುತ್ತಿನ ವಠಾರಗಳು. ಶಿವಾಜಿನಗರದ ಮೊದಲ ಮಹಡಿಯಲ್ಲಿ ಲಿಫ್ಟಿಲ್ಲದೆ ವಾಸಿಸುವವರಿಗೆ ಎಂಬತ್ತು ಕಿಲೋ ತೂಗುವ ಕುರ್ಚಿಯನ್ನು ಮಾರುವುದು ಅದನ್ನು ಕೆಳಗಿನ ಅಂಗಡಿಯ ಮುಂದೆ ಸರಪಣಿ ಹಾಕಿ ಕಟ್ಟಿಸಿದಂತೆಯೇ ಸರಿ. ಅಂಥ ಕಡೆ ಮೇಲೆ ಒಂದು ಹಗುರವಾದ ಕೈಕುರ್ಚಿ, ಕೆಳಗೆ ಬೀಗ ಹಾಕಿಡಬಲ್ಲ ಜಾಗದಲ್ಲಿ ಬ್ಯಾಟರಿ ಕುರ್ಚಿ ಎಂಬ ಎರಡು ಕುರ್ಚಿಗಳ ಏರ್ಪಾಡು ಅಂದವಲ್ಲದಿದ್ದರೂ ನಡೆಯುವಂಥದು. ಆಗಲೂ ಮೆಟ್ಟಿಲಿಳಿಸುವ ಕೈಗಳು ಮನೆಯಲ್ಲಿರಬೇಕೆಂಬ ಮಾತು ಉಳಿದೇ ಇರುತ್ತದೆ.

ಬಾಗಿಲನ್ನು ಟೇಪು ಹಿಡಿದು ಅಳೆಯದೆ ಕುರ್ಚಿಯ ಮಾತೆತ್ತಬಾರದು. ಬಾಡಿಗೆ ಮನೆಗಳ ಬಚ್ಚಲ ಬಾಗಿಲು ಎರಡೂವರೆ ಅಡಿಯದೆಂದು ಮೇಸ್ತ್ರಿಗಳು ಹೇಳುತ್ತಾರೆ, ಅಂದರೆ ಸುಮಾರು 75 ಸೆಂಟಿಮೀಟರು. ಅದರಲ್ಲಿ ಚೌಕಟ್ಟಿನ ಎರಡು ಪಕ್ಕಗಳನ್ನೂ ತೊಂಬತ್ತು ಡಿಗ್ರಿ ತೆರೆದು ನಿಂತ ಕದದ ದಪ್ಪವನ್ನೂ ಕಳೆದರೆ ಬರಿದಾಗಿ ಉಳಿಯುವುದು 65 ಸೆಂಟಿಮೀಟರಿನ ಆಸುಪಾಸು. ಬಹುತೇಕ ಬ್ಯಾಟರಿ ಕುರ್ಚಿಗಳ ಹೊರ ಅಗಲ 60ರಿಂದ 65. ಎದುರಿಗೆ ನೇರವಾಗಿ ಬಂದರೆ ಹೇಗೋ ನುಸುಳಬಹುದಾದ ಕುರ್ಚಿ, ಮೂರಡಿಯ ಓಣಿಯಿಂದ ತಿರುಗಿ ಒಳಹೋಗಬೇಕಾದಾಗ ಹೋಗದು. ಕದವನ್ನು ಕಳಚಿ ಪರದೆ ಹಾಕುವುದು, ಹೊರಗೆ ತೆರೆಯುವಂತೆ ತಿರುವುಮುರುವು ಮಾಡುವುದು ಇವು ಮನೆಯ ಮಾಲೀಕರು ಒಪ್ಪಿದರೆ ಕಡಿಮೆ ಖರ್ಚಿನ ಪರಿಹಾರಗಳು.

ಹೊಸ್ತಿಲು ಮತ್ತು ಮೆಟ್ಟಿಲಿನ ಲೆಕ್ಕ ಇದಕ್ಕಿಂತ ಕಠಿಣ. ಕೇಂದ್ರ ಸರ್ಕಾರದ 2021ರ ಸಮನ್ವಿತ ಮಾರ್ಗಸೂಚಿ ಇಳಿಜಾರುಹಾದಿ, ಅಂದರೆ ರ‍್ಯಾಂಪ್, ಒಂದಕ್ಕೆ ಹನ್ನೆರಡರ ಪ್ರಮಾಣದಲ್ಲಿರಬೇಕೆನ್ನುತ್ತದೆ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಮೂರು ಮೆಟ್ಟಿಲಿರುವ ಮನೆಯ ತಳಪಾಯ 45 ಸೆಂಟಿಮೀಟರು ಎತ್ತರವಿದೆಯೆಂದರೆ ಬೇಕಾಗುವ ರ‍್ಯಾಂಪು 5.4 ಮೀಟರು. ಹಲಸೂರಿನ ಹಳೆಯ ಓಣಿಗಳ ಪೂರ್ತಿ ಅಗಲವೇ ಅಷ್ಟಿರುವುದಿಲ್ಲ. ಆಗ ಕಬ್ಬಿಣ ಅಥವಾ ಅಲ್ಯುಮಿನಿಯಮ್ಮಿನ, ಬೇಕಾದಾಗ ಇಟ್ಟು ತೆಗೆಯಬಹುದಾದ ಹಲಗೆಯನ್ನು ಒಂದಕ್ಕೆ ಆರರ ಪ್ರಮಾಣದಲ್ಲಿ ಹಾಕುವವರಿದ್ದಾರೆ. ಅದು ಒಂಬತ್ತೂವರೆ ಡಿಗ್ರಿಯ ಏರು. ತಯಾರಕರ ಪತ್ರಿಕೆ ಕುರ್ಚಿ ಹತ್ತೋ ಹನ್ನೆರಡೋ ಡಿಗ್ರಿ ಹತ್ತುತ್ತದೆಂದು ಹೇಳಿದರೂ ಆ ಮಾತು ಮೋಟರಿನ ಬಲದ್ದು, ಅಲ್ಲಿ ಕುಳಿತವರು ಹಿಂದಕ್ಕೆ ಮಗುಚದಿರುವುದು ಬೇರೆ ಮಾತು. ಕುರ್ಚಿಯ ಹಿಂದೆ ಮಗುಚುತಡೆ ಚಕ್ರಗಳಿವೆಯೇ ಎಂದು ನೋಡಿಕೊಂಡು, ಹಿಂದೆ ಒಬ್ಬರು ನಿಂತೇ ಇಂಥ ಏರನ್ನು ಹತ್ತಬೇಕು. ಇಂದಿರಾನಗರದ ಮನೆಗಳು ಈ ವಿಷಯದಲ್ಲಿ ಸುಲಭವೆಂದು ತೋರಿದರೂ ಅಲ್ಲೊಂದು ವಿಚಿತ್ರವಿದೆ: ಕಾರು ಒಳನುಗ್ಗಲೆಂದು ಗೇಟಿನಿಂದ ರಸ್ತೆಗೆ ಹಾಕಿದ ಕಾಂಕ್ರೀಟ್ ಇಳಿಜಾರು ಎಷ್ಟೋ ಕಡೆ ಗಾಲಿಕುರ್ಚಿಯ ಮಿತಿಯನ್ನು ಮೀರಿ ಕಡಿದಾಗಿದೆ, ಮತ್ತು ಆ ಇಳಿಜಾರುಗಳೇ ಫುಟ್‌ಪಾತನ್ನು ತುಂಡುತುಂಡು ಮಾಡಿವೆ.

ಚಾಲಕ ಚಕ್ರ, ಅಂದರೆ ಮೋಟರು ತಿರುಗಿಸುವ ದೊಡ್ಡ ಚಕ್ರ, ಎಲ್ಲಿದೆ ಎಂಬುದರ ಮಹತ್ವ ಇಲ್ಲಿ ತಿಳಿಯುತ್ತದೆ. ಅದು ನಡುವೆ ಇದ್ದರೆ ಕುರ್ಚಿ ನಿಂತಲ್ಲೇ ಸುತ್ತುತ್ತದೆ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲೂ ಇಕ್ಕಟ್ಟಿನ ಅಡುಗೆಮನೆಯಲ್ಲೂ ಅದಕ್ಕೆ ಸಾಟಿಯಿಲ್ಲ. ಆದರೆ ಹಿಂದೆ ಮುಂದೆ ಇರುವ ಕಿರುಚಕ್ರಗಳು ಹಳ್ಳದ ಎರಡು ದಂಡೆಗಳ ಮೇಲೆ ಕುಳಿತಾಗ ನಡುವಿನ ಚಕ್ರ ನೆಲ ಬಿಟ್ಟು ಸುಮ್ಮನೆ ತಿರುಗುವ ಅಪಾಯವಿದೆ, ಒಳ್ಳೆಯ ಸಸ್ಪೆನ್ಷನ್ ಇಲ್ಲದ ನಡುಚಕ್ರದ ಕುರ್ಚಿಗೆ ಕೆ.ಆರ್. ಪುರದ ಅಡ್ಡರಸ್ತೆಗಳು ಹೇಳಿ ಮಾಡಿಸಿದವಲ್ಲ. ಹಿಂಚಕ್ರದ ಕುರ್ಚಿ ಒರಟು ನೆಲದಲ್ಲಿ ನಂಬಿಕೆಗೆ ಅರ್ಹ, ತಿರುಗಲು ಹೆಚ್ಚು ಜಾಗ ಕೇಳುತ್ತದೆ. ಮುಂಚಕ್ರದ್ದು ಸಣ್ಣ ಮೆಟ್ಟಿಲನ್ನು ಸಲೀಸಾಗಿ ಏರುತ್ತದಾದರೂ ಅದರ ಬಾಲ ಬೀಸುವುದನ್ನು ರೂಢಿಸಿಕೊಳ್ಳಲು ಸಮಯ ಬೇಕು. ಭಾರತದಲ್ಲಿ ಹೆಚ್ಚು ಮಾರಾಟವಾಗುವ ಮಡಚುವ ಕುರ್ಚಿಗಳು ಬಹುತೇಕ ಹಿಂಚಕ್ರದವು.

ಬೀದಿಗೆ ಬಂದರೆ ಮೊದಲ ಶತ್ರು ಹಳ್ಳವಲ್ಲ, ಕಂಬ. ಫುಟ್‌ಪಾತಿನ ಮೇಲೆ ಬೈಕುಗಳು ಹತ್ತದಿರಲೆಂದು ನೆಟ್ಟ ಗಿಡ್ಡ ಕಂಬಗಳ ನಡುವಿನ ಅಂತರ ತೀರ ಕಡಿಮೆಯಾದಾಗ ಬೈಕು ಹೇಗೋ ನುಸುಳಿ ವೀಲ್‌ಚೇರ್ ಹೊರಗೆ ಉಳಿಯುತ್ತದೆ. ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಅಗಲವಾದ ಕಾಲುದಾರಿ ಪಡೆದ ರೆಸಿಡೆನ್ಸಿ ರಸ್ತೆ, ಸ್ಮಾರ್ಟ್ ಸಿಟಿ ಕಾಮಗಾರಿಯಲ್ಲಿ ಮರುರೂಪಗೊಂಡ ಕಮರ್ಷಿಯಲ್ ಸ್ಟ್ರೀಟ್ ಇಂಥವು ಪೂರ್ವ ಭಾಗದ ಸಾಮಾನ್ಯ ಬೀದಿಗಳಿಗೆ ಮಾದರಿಯಾಗುವಂತಿವೆಯೇ ಹೊರತು ಪ್ರತಿನಿಧಿಗಳಲ್ಲ. ಆದ್ದರಿಂದ ನಿತ್ಯ ಹೊರಗೆ ಹೋಗುವವರು ಮುಂದಿನ ಕಿರುಚಕ್ರ ಕನಿಷ್ಠ ಎಂಟು ಇಂಚಿನದಾಗಿರುವ ಕುರ್ಚಿಯನ್ನೇ ಕೇಳಬೇಕು. ಐದಾರು ಇಂಚಿನ ಗಟ್ಟಿ ಕಿರುಚಕ್ರಗಳು ಚರಂಡಿಯ ಕಲ್ಲುಚಪ್ಪಡಿಗಳ ಸಂದಿನಲ್ಲಿ ಸಿಕ್ಕಿ ಕುಳಿತವರನ್ನು ಮುಂದಕ್ಕೆ ಎಸೆಯುತ್ತವೆ. ಸೊಂಟದ ಪಟ್ಟಿ ಕಟ್ಟಿಕೊಳ್ಳುವುದು ಇದೇ ಕಾರಣಕ್ಕೆ.

ಪೂರ್ವ ಬೆಂಗಳೂರಿನಲ್ಲಿ ದೂರ ಪ್ರಯಾಣದ ಚಿತ್ರ ಬದಲಾಗಿದ್ದು ಮೆಟ್ರೊದಿಂದ. 2011ರ ಅಕ್ಟೋಬರ್ 20ರಂದು ನಗರದ ಮೊದಲ ಮೆಟ್ರೊ ರೈಲು ಓಡಿದ್ದು ಬೈಯಪ್ಪನಹಳ್ಳಿಯಿಂದ ಇಂದಿರಾನಗರ, ಹಲಸೂರುಗಳ ಮೂಲಕ ಎಂ.ಜಿ. ರಸ್ತೆಗೆ, ಕೆ.ಆರ್. ಪುರ ಮತ್ತು ಬೈಯಪ್ಪನಹಳ್ಳಿಗಳ ನಡುವೆ ಉಳಿದಿದ್ದ ಕೊಂಡಿ 2023ರ ಅಕ್ಟೋಬರಿನಲ್ಲಿ ಕೂಡಿಕೊಂಡಿತು. ನಿಲ್ದಾಣಗಳಲ್ಲಿ ಲಿಫ್ಟುಗಳಿವೆ, ಬೋಗಿಯಲ್ಲಿ ಗಾಲಿಕುರ್ಚಿಗೆ ಜಾಗವಿದೆ, ಹೀಗಾಗಿ ಕೆ.ಆರ್. ಪುರದಿಂದ ಎಂ.ಜಿ. ರಸ್ತೆಗೆ ಕೆಲಸಕ್ಕೆ ಬರುವವರು ಮಡಚದ, ಗಟ್ಟಿಯಾದ ಕುರ್ಚಿಯನ್ನು ಧೈರ್ಯವಾಗಿ ಆರಿಸಬಹುದು. ಪ್ಲಾಟ್‌ಫಾರ್ಮು ಮತ್ತು ಬೋಗಿಯ ನಡುವಿನ ಸಂದನ್ನು ಓರೆಯಾಗಿ ದಾಟದೆ ನೇರವಾಗಿ ದಾಟಿದರೆ ಕಿರುಚಕ್ರ ಸಿಕ್ಕಿಕೊಳ್ಳದು. ಮೆಟ್ರೊ ಮುಟ್ಟದ ಕಡೆಗೆ ಆಟೊವೇ ಗತಿಯಾದವರಿಗೆ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ: ಆಟೊದ ಹಿಂಬದಿಗೆ ಹೋಗಬಲ್ಲದ್ದು ಇಪ್ಪತ್ತೈದು ಕಿಲೋ ಆಸುಪಾಸಿನ ಮಡಚುವ ಕುರ್ಚಿ ಒಂದೇ, ಮತ್ತು ಅದನ್ನು ಎತ್ತುವವರು ಚಾಲಕರೋ ಮನೆಯವರೋ ಎಂಬುದನ್ನು ಮೊದಲೇ ಯೋಚಿಸಬೇಕು. ವಿಮಾನಯಾನ ಮಾಡುವವರಿಗೆ ಇನ್ನೊಂದು ಸೂಕ್ಷ್ಮವಿದೆ. ಕಳಚಬಹುದಾದ ಲಿಥಿಯಂ ಬ್ಯಾಟರಿ 300 ವ್ಯಾಟ್‌ಅವರ್ ಮೀರಬಾರದೆಂಬುದು ಅಂತರರಾಷ್ಟ್ರೀಯ ನಿಯಮ. 24 ವೋಲ್ಟಿನ 12 ಆಂಪಿಯರ್‌ಅವರ್ ಬ್ಯಾಟರಿ 288 ಆಗಿ ಒಳಗೆ ಬರುತ್ತದೆ, 20ರದ್ದು 480 ಆಗಿ ಹೊರಗೆ ಉಳಿಯುತ್ತದೆ.

ಬ್ಯಾಟರಿಯಲ್ಲಿ ಎರಡು ಬಗೆ. ಮುಚ್ಚಿದ ಸೀಸ-ಆಮ್ಲದ್ದು ಅಗ್ಗ, ಎಲ್ಲೆಡೆ ಸಿಗುತ್ತದೆ, ಆದರೆ ತೂಕ ಹೆಚ್ಚು ಮತ್ತು ಪೂರ್ತಿ ಬರಿದಾಗುವವರೆಗೆ ಓಡಿಸಿದರೆ ಬೇಗ ಸಾಯುತ್ತದೆ. ಲಿಥಿಯಂ ಹಗುರ, ಬಾಳಿಕೆ ಹೆಚ್ಚು, ಬದಲಿಸುವಾಗ ದುಬಾರಿ. ತಯಾರಕರ ಪತ್ರಿಕೆಯಲ್ಲಿ ನಮೂದಿಸಿದ ದೂರ ಸಮತಟ್ಟಾದ ನೆಲದಲ್ಲಿ, ಹಗುರ ವ್ಯಕ್ತಿಯನ್ನು ಹೊತ್ತು ಬಂದ ಅಂಕಿ. ಏರಿಳಿತ, ತೂಕ, ಹಳೆಯದಾದ ಬ್ಯಾಟರಿ ಸೇರಿದಾಗ ಅದರ ಅರ್ಧವನ್ನು ನಂಬಿಕೊಂಡು ಯೋಜನೆ ಹಾಕಿದವರು ದಾರಿಯಲ್ಲಿ ಉಳಿಯುವುದಿಲ್ಲ. ನೆಲಮಹಡಿಯಲ್ಲಿ ಕುರ್ಚಿ ನಿಲ್ಲಿಸುವವರು ಬ್ಯಾಟರಿಯನ್ನು ಕಳಚಿ ಮೇಲೆ ಒಯ್ದು ಚಾರ್ಜು ಮಾಡಬಹುದೇ ಎಂದು ಕೇಳಬೇಕು. ಮಳೆಗಾಲಕ್ಕೆ ಜಾಯ್‌ಸ್ಟಿಕ್ಕಿನ ಮೇಲೊಂದು ಪ್ಲಾಸ್ಟಿಕ್ ಹೊದಿಕೆ ಸಾಕಾಗಬಹುದು, ಆದರೆ ಕೆ.ಆರ್. ಪುರದ ಬಳಿಯ ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಸುತ್ತ ನೀರು ನಿಂತ ರಸ್ತೆಯಲ್ಲಿ ಮೋಟರು ಮುಳುಗುವಷ್ಟು ಆಳಕ್ಕೆ ಇಳಿಸುವುದಕ್ಕೆ ಯಾವ ಹೊದಿಕೆಯೂ ಪರಿಹಾರವಲ್ಲ. ಬ್ರೇಕಿನ ಬಗ್ಗೆ ಒಂದು ಮಾತು: ವಿದ್ಯುತ್ ಹರಿಯದಿದ್ದಾಗ ತಾನಾಗಿ ಬಿಗಿಯುವ ಕಾಂತೀಯ ಬ್ರೇಕು ಈ ಕುರ್ಚಿಗಳಲ್ಲಿರುತ್ತದೆ, ಕೈಯಿಂದ ತಳ್ಳಲೆಂದು ಕೊಟ್ಟ ಸನ್ನೆಯನ್ನು ಸಡಿಲಿಸಿದರೆ ಅದು ಕೆಲಸ ಮಾಡದು, ಇಳಿಜಾರಿನಲ್ಲಿ ಆ ಸನ್ನೆಯನ್ನು ಮುಟ್ಟಲೇಬಾರದು.

ಬೆಲೆಯ ಹರಹು ದೊಡ್ಡದು. ಸಾಧಾರಣ ಮಡಚುವ ಮಾದರಿ ಐವತ್ತು ಸಾವಿರದ ಆಸುಪಾಸಿನಲ್ಲಿ ಆರಂಭವಾಗಿ, ಟಿಲ್ಟ್ ಮತ್ತು ವಿಶೇಷ ನಿಯಂತ್ರಣವಿರುವ ವಿದೇಶಿ ಕುರ್ಚಿ ಹಲವು ಲಕ್ಷಕ್ಕೆ ಏರುತ್ತದೆ. ಬೆಂಗಳೂರಿನದೇ ಆದ ಆಸ್ಟ್ರಿಚ್ ಮೊಬಿಲಿಟಿಯಂಥ ತಯಾರಕರು ಇವೆರಡರ ನಡುವಿನ ಅಂತರವನ್ನು ತುಂಬಲು ಯತ್ನಿಸಿದ್ದಾರೆ. ಗಾಲಿಕುರ್ಚಿಯ ಮೇಲಿನ ಜಿಎಸ್‌ಟಿ ಶೇ. 5. ಕೇಂದ್ರದ ಅಡಿಪ್ ಯೋಜನೆ 1981ರಿಂದ ಸಲಕರಣೆಗಳಿಗೆ ನೆರವು ನೀಡುತ್ತಿದ್ದು, ಕಾನ್ಪುರದ ಅಲಿಮ್ಕೊ ಸಂಸ್ಥೆ ಅವುಗಳ ಪ್ರಮುಖ ಪೂರೈಕೆದಾರ. ಸಂಸದರ ಕ್ಷೇತ್ರಾಭಿವೃದ್ಧಿ ನಿಧಿಯಿಂದಲೂ ಮೋಟರು ತ್ರಿಚಕ್ರ ಮತ್ತು ಗಾಲಿಕುರ್ಚಿಗಳನ್ನು ಕೊಡಿಸಲು ಅವಕಾಶವಿದೆ. ಇವುಗಳಿಗೆ ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಚೀಟಿ ಮಾಡಿಸಿಟ್ಟುಕೊಂಡಿರಬೇಕು. ಶಿಬಿರಗಳಲ್ಲಿ ಹಂಚುವ ಮೋಟರು ತ್ರಿಚಕ್ರ ಹೊರಗಿನ ಓಡಾಟಕ್ಕೆ ಉಪಕಾರಿಯಾದರೂ ಮನೆಯೊಳಗೆ ಬರುವಂಥದಲ್ಲ, ಮುಂಡದ ಹಿಡಿತವಿಲ್ಲದವರಿಗೆ ತಕ್ಕುದೂ ಅಲ್ಲ; ಉಚಿತವಾಗಿ ಸಿಗುತ್ತದೆಂಬ ಕಾರಣಕ್ಕೆ ಅದನ್ನು ಪಡೆದು, ಕೆಲವು ವರ್ಷ ಬೇರೆ ಸಲಕರಣೆಗೆ ಅರ್ಜಿ ಹಾಕುವ ಅರ್ಹತೆಯನ್ನು ಕಳೆದುಕೊಳ್ಳುವ ಮುನ್ನ ಇದನ್ನು ತೂಗಿನೋಡಬೇಕು. ಕಾನೂನಿನ ಬಲವೂ ಹಿಂದಿಗಿಂತ ಹೆಚ್ಚಿದೆ: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿಯ ಪ್ರವೇಶಸೌಲಭ್ಯ ನಿಯಮಗಳು ಬರೀ ಸಲಹೆಯ ರೂಪದಲ್ಲಿರದೆ ಕಡ್ಡಾಯವಾಗಬೇಕೆಂದು ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆದರೆ ತೀರ್ಪು ಓಣಿಯ ಮೆಟ್ಟಿಲಿಗೆ ಇಳಿದು ಬರುವವರೆಗೆ ಇರುವ ಮೆಟ್ಟಿಲಿಗೆ ತಕ್ಕ ಕುರ್ಚಿಯನ್ನೇ ಕೊಳ್ಳಬೇಕಾಗಿದೆ.

ಕೊನೆಯದಾಗಿ ದುರಸ್ತಿಯ ಪ್ರಶ್ನೆ. ಆನ್‌ಲೈನಿನಲ್ಲಿ ಕೊಂಡ ಅಪರಿಚಿತ ಮಾದರಿಯ ನಿಯಂತ್ರಕ ಸುಟ್ಟಾಗ ಅದರ ಬಿಡಿಭಾಗ ಈ ಊರಿನಲ್ಲಿ ಸಿಗದೆ, ಚಕ್ರ ಬ್ಯಾಟರಿಗಳೆಲ್ಲ ಚೆನ್ನಾಗಿದ್ದೂ ಕುರ್ಚಿ ಮೂಲೆಗೆ ಸೇರುತ್ತದೆ. ಮಾರುವವರು ಮನೆಗೆ ಬಂದು ರಿಪೇರಿ ಮಾಡುತ್ತಾರೆಯೇ, ಆ ದಿನಗಳಿಗೆ ಬದಲಿ ಕುರ್ಚಿ ಕೊಡುತ್ತಾರೆಯೇ, ಬ್ಯಾಟರಿ ಮತ್ತು ಮೋಟರಿನ ವಾರಂಟಿ ಬೇರೆ ಬೇರೆಯೇ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು. ಹಣ ಕೊಡುವ ಮೊದಲು ಕುರ್ಚಿಯನ್ನು ಅಂಗಡಿಯ ನುಣುಪು ನೆಲದ ಮೇಲಲ್ಲದೆ ಸ್ವಂತ ಮನೆಯ ಬಚ್ಚಲ ಬಾಗಿಲಲ್ಲಿ, ಲಿಫ್ಟಿನಲ್ಲಿ, ಗೇಟಿನ ಇಳಿಜಾರಿನಲ್ಲಿ ಓಡಿಸಿ ನೋಡಲು ಕೇಳುವುದು ಕೊಳ್ಳುವವರ ನ್ಯಾಯವಾದ ಬೇಡಿಕೆ, ಒಪ್ಪುವ ಮಾರಾಟಗಾರರು ನಗರದಲ್ಲಿದ್ದಾರೆ. ಬಳಸಿದ ಕುರ್ಚಿಯನ್ನು ಕೊಳ್ಳುವವರು ಬ್ಯಾಟರಿ ಸತ್ತಿದೆಯೆಂದೇ ತಿಳಿದು ಬೆಲೆ ಕಟ್ಟಲಿ. ಚೌಕಟ್ಟು ಮತ್ತು ಮೋಟರು ಗಟ್ಟಿಯಾಗಿದ್ದು ಆಸನದ ಅಳತೆ ಹೊಂದಿದರೆ, ಹೊಸ ಬ್ಯಾಟರಿಯನ್ನೂ ಒಳ್ಳೆಯ ಕುಶನ್ನನ್ನೂ ಹಾಕಿಸಿದ ಹಳೆಯ ಕುರ್ಚಿ ಅದೇ ಹಣಕ್ಕೆ ಬರುವ ಹೊಸ ಅಗ್ಗದ ಕುರ್ಚಿಗಿಂತ ಬಹಳ ಸಲ ವಾಸಿ.